ಮಡಿಲು ತುಂಬದ ಮನೆಗಳು: ಸಂತಾನಹೀನತೆಯನ್ನು ಅರಿಯೋಣ



ಜುಲೈ 26ರಂದು ಧರ್ಮಸಭೆಯು ಮಾತೆ ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋವಾಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬವನ್ನು ಆಚರಿಸುತ್ತದೆ. ಇವರಿಬ್ಬರ ಹೆಸರು ಶುಭಸಂದೇಶಗಳಲ್ಲಿ ಇಲ್ಲ. ಎರಡನೆಯ ಶತಮಾನದಿಂದ ಕ್ರೈಸ್ತರು ಕಾಪಾಡಿಕೊಂಡು ಬಂದ ಒಂದು ಹಳೆಯ ಕಥನದಿಂದ ಇವರನ್ನು ನಾವು ಬಲ್ಲೆವು. ಆ ಕಥನದ ಪ್ರಕಾರ ಇವರಿಗೆ ಬಹುಕಾಲ ಮಕ್ಕಳಿರಲಿಲ್ಲ. ಕಾಣಿಕೆ ಹಿಡಿದು ದೇವಾಲಯಕ್ಕೆ ಹೋದ ಜೋವಾಕಿಮರನ್ನು, ಸಂತಾನವಿಲ್ಲದವನು ಎಂಬ ಕಾರಣಕ್ಕೆ ತಡೆಯಲಾಯಿತು. ಅವರು ಮನೆಗೆ ಹೋಗಲಾರದೆ ಅಡವಿ ಸೇರಿದರು. ಇತ್ತ ಅನ್ನಮ್ಮ ಒಬ್ಬರೇ ಕುಳಿತು ಕಣ್ಣೀರಿಟ್ಟರು.

ಪ್ರತಿವರ್ಷ ಈ ಹಬ್ಬದಂದು ನಾವು ಅಜ್ಜ ಅಜ್ಜಿಯರನ್ನು ಗೌರವಿಸುತ್ತೇವೆ. ಅದು ಸರಿಯೇ. ಆದರೆ ಇವರು ಅಜ್ಜ ಅಜ್ಜಿಯರಾಗುವ ಮುನ್ನ, ತಂದೆತಾಯಿಗಳಾಗುವ ಮುನ್ನ, ಮಕ್ಕಳಿಲ್ಲದ ದಂಪತಿಗಳಾಗಿದ್ದರು ಎಂಬುದನ್ನು ಮರೆಯುತ್ತೇವೆ. ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಅಂಥ ದಂಪತಿಗಳಿದ್ದಾರೆ. ಜ್ಞಾನಸ್ನಾನದ ದಿನ ಅವರು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಸೀಮಂತದ ಮನೆಗೆ ಅವರನ್ನು ಕರೆಯಲು ಹಿಂಜರಿಯುವವರಿದ್ದಾರೆ. "ಏನಾದರೂ ವಿಶೇಷ ಉಂಟಾ?" ಎಂದು ಕೇಳುವವರಂತೂ ಎಲ್ಲ ಕಡೆ ಇದ್ದಾರೆ. ಹೆರಿಗೆಯ ನೋವು ಹೆರದವರಿಗೆ ತಿಳಿಯದು ಎನ್ನುತ್ತೇವೆ. ಹೆರಲಾಗದ ನೋವು ಹೆತ್ತವರಿಗೆ ತಿಳಿಯುವುದೂ ಅಷ್ಟೇ ಕಷ್ಟ. ಆದ್ದರಿಂದ ಈ ಹಬ್ಬದ ಸಂದರ್ಭದಲ್ಲಿ ಈ ವಿಷಯವನ್ನು ಸ್ವಲ್ಪ ವಿವರವಾಗಿ ಅರಿತುಕೊಳ್ಳೋಣ.

ಶಾಪವಲ್ಲ, ಪಾಪದ ಫಲವೂ ಅಲ್ಲ

ಮೈಸೂರಿನವರಾದ ನಮಗೆ ತಲಕಾಡಿನ ಶಾಪದ ಕಥೆ ಗೊತ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ, ಅಲ್ಲಿನ ರಾಜಪ್ರತಿನಿಧಿಯ ಪತ್ನಿ ಅಲಮೇಲಮ್ಮ ಕಾವೇರಿಯ ಮಾಲಂಗಿ ಮಡುವಿಗೆ ಹಾರಿದರೆಂದೂ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲೆಂದು ಶಪಿಸಿದರೆಂದೂ ಜನ ಹೇಳುತ್ತಾರೆ. ಈ ಕಥೆಯಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. ಅಲ್ಲಿ ಶಾಪ ತಟ್ಟಿದ್ದು ದೊರೆಗೆ. ನಮ್ಮ ಮನೆಗಳಲ್ಲಾದರೋ ಮಕ್ಕಳಾಗದಿದ್ದರೆ ಬೆರಳು ತೋರುವುದು ಸೊಸೆಯ ಕಡೆಗೆ. 'ಬಂಜೆ' ಎಂಬ ಮಾತು ಹೆಣ್ಣಿಗೆ ಮಾತ್ರ ಅಂಟಿಕೊಂಡಿದೆ. ಗಂಡಸಿಗೆ ಅಂಥ ಮಾತು ಆಡುವುದು ಅಪರೂಪ.

ದೇವರವಾಕ್ಯ ಏನು ಹೇಳುತ್ತದೆ? ಸಂತ ಲೂಕರು ಜಕರೀಯ ಮತ್ತು ಎಲಿಜಬೇತಳನ್ನು ಪರಿಚಯಿಸುವಾಗ, ಇಬ್ಬರೂ ದೇವರ ದೃಷ್ಟಿಯಲ್ಲಿ ನೀತಿವಂತರಾಗಿದ್ದರು ಎಂದು ಮೊದಲು ಹೇಳಿ, ಆಮೇಲೆ ಅವರಿಗೆ ಮಕ್ಕಳಿರಲಿಲ್ಲ ಎನ್ನುತ್ತಾರೆ. ನೀತಿವಂತರಿಗೂ ಮಕ್ಕಳಿಲ್ಲದಿರಬಹುದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಸಮುವೇಲನ ತಾಯಿ ಹನ್ನಳು ಶೀಲೋವಿನ ದೇವಾಲಯದಲ್ಲಿ ತುಟಿಯಲ್ಲೇ ಪ್ರಾರ್ಥಿಸುತ್ತಿದ್ದಾಗ, ಯಾಜಕ ಏಲಿ ಆಕೆ ಕುಡಿದಿದ್ದಾಳೆಂದು ಗದರಿದನು. ಮಕ್ಕಳಿಲ್ಲದ ಹೆಣ್ಣಿನ ದುಃಖವನ್ನು ದೇವಾಲಯದ ಗುರುವೇ ತಪ್ಪಾಗಿ ತಿಳಿದ ಸಂದರ್ಭವದು. ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಅದರಲ್ಲಿ ಪಾಠವಿದೆ.

ಸಂತಾನಹೀನತೆ ಎಂದರೇನು?

ಗಂಡಹೆಂಡತಿ ಯಾವ ತಡೆಯನ್ನೂ ಬಳಸದೆ ನಿಯಮಿತವಾಗಿ ಕೂಡಿ ಬಾಳಿ 12 ತಿಂಗಳಾದರೂ ಗರ್ಭ ನಿಲ್ಲದಿದ್ದರೆ ಅದನ್ನು ವೈದ್ಯಶಾಸ್ತ್ರ ಸಂತಾನಹೀನತೆ ಎನ್ನುತ್ತದೆ. ನೂರರಲ್ಲಿ 80ಕ್ಕೂ ಹೆಚ್ಚು ದಂಪತಿಗಳಿಗೆ ಮೊದಲ ವರ್ಷದಲ್ಲೇ ಗರ್ಭಧಾರಣೆಯಾಗುತ್ತದೆ. ಆದ್ದರಿಂದ ಮದುವೆಯಾದ ಮೂರನೆಯ ತಿಂಗಳಿಗೇ ಆತಂಕ ಬೇಡ. ಆದರೆ ಪತ್ನಿಯ ವಯಸ್ಸು 35 ದಾಟಿದ್ದರೆ ಆರು ತಿಂಗಳಿಗೇ ವೈದ್ಯರನ್ನು ಕಾಣಬೇಕು. ಮುಟ್ಟು ತಿಂಗಳುಗಟ್ಟಲೆ ಬಾರದವರು, ಹಿಂದೆ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆ ಅಥವಾ ಕ್ಷಯರೋಗ ಆದವರು ಅಷ್ಟೂ ಕಾಯಬಾರದು.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು ಆರು ಮಂದಿಯಲ್ಲಿ ಒಬ್ಬರು ಬದುಕಿನ ಯಾವುದಾದರೊಂದು ಹಂತದಲ್ಲಿ ಇದನ್ನು ಅನುಭವಿಸುತ್ತಾರೆ. ಬಡ ದೇಶ, ಶ್ರೀಮಂತ ದೇಶ ಎಂಬ ಭೇದ ಇದರಲ್ಲಿ ಹೆಚ್ಚಿಲ್ಲ.

ದೇವರು ಶರೀರದಲ್ಲಿ ಇಟ್ಟಿರುವ ಕ್ರಮವನ್ನು ಅರಿತರೆ ತೊಂದರೆ ಎಲ್ಲಿ ಬರುತ್ತದೆ ಎಂಬುದು ಸುಲಭವಾಗಿ ತಿಳಿಯುತ್ತದೆ. ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಅಂಡಗಳ ಮೊಳಕೆಗಳಿರುತ್ತವೆ. ಮುಂದೆ ಹೊಸದಾಗಿ ಹುಟ್ಟುವುದಿಲ್ಲ, ಕಡಿಮೆಯಾಗುತ್ತಾ ಹೋಗುತ್ತವೆ. ದೊಡ್ಡವಳಾದ ಮೇಲೆ ಪ್ರತಿ ತಿಂಗಳು ಸಾಮಾನ್ಯವಾಗಿ ಒಂದು ಅಂಡ ಬಲಿತು ಹೊರಬಂದು ಗರ್ಭನಾಳವನ್ನು ಸೇರುತ್ತದೆ. ಅದರ ಆಯುಷ್ಯ 12ರಿಂದ 24 ಗಂಟೆ ಮಾತ್ರ. ಪುರುಷನ ವೀರ್ಯಾಣು ಸ್ತ್ರೀಯ ದೇಹದಲ್ಲಿ ಐದು ದಿನದವರೆಗೆ ಬದುಕಿರಬಲ್ಲದು. ಎರಡೂ ಗರ್ಭನಾಳದಲ್ಲಿ ಕೂಡಿದಾಗ ಹೊಸ ಜೀವ ಆರಂಭವಾಗುತ್ತದೆ. ಕೆಲವು ದಿನಗಳ ನಂತರ ಅದು ಗರ್ಭಕೋಶಕ್ಕೆ ಇಳಿದು ಬೇರೂರುತ್ತದೆ. ಅಂದರೆ ಅಂಡ ಬಿಡುಗಡೆಯಾಗಬೇಕು, ನಾಳ ತೆರೆದಿರಬೇಕು, ಗರ್ಭಕೋಶ ಸ್ವಾಗತಿಸುವಂತಿರಬೇಕು, ವೀರ್ಯ ಆರೋಗ್ಯವಾಗಿರಬೇಕು. ಈ ನಾಲ್ಕರಲ್ಲಿ ಯಾವುದು ತಪ್ಪಿದರೂ ಗರ್ಭ ನಿಲ್ಲದು.

ಮಹಿಳೆಯರಲ್ಲಿ ಸಾಮಾನ್ಯ ಕಾರಣಗಳು

ಮೊದಲನೆಯದು, ಅಂಡ ಬಿಡುಗಡೆಯಾಗದಿರುವುದು. ಇದಕ್ಕೆ ಅತಿ ಸಾಮಾನ್ಯ ಕಾರಣ ಪಿಸಿಓಎಸ್ ಎಂದು ಕರೆಯಲಾಗುವ ಹಾರ್ಮೋನುಗಳ ಏರುಪೇರು. ಸುಮಾರು ಹತ್ತು ಮಹಿಳೆಯರಲ್ಲಿ ಒಬ್ಬರಿಗೆ ಇದು ಇರುತ್ತದೆ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವುದು, ಮುಖದಲ್ಲಿ ಕೂದಲು, ಮೊಡವೆ, ತೂಕ ಏರುವುದು, ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗುವುದು ಇದರ ಲಕ್ಷಣಗಳು. ತೆಳ್ಳಗಿರುವವರಿಗೂ ಬರಬಹುದು. ಥೈರಾಯ್ಡ್ ಗ್ರಂಥಿಯ ತೊಂದರೆ, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೆಚ್ಚಾಗುವುದು, ಅತಿಯಾಗಿ ತೂಕ ಇಳಿಯುವುದು, 40 ತುಂಬುವ ಮುನ್ನವೇ ಅಂಡಾಶಯ ಸೋಲುವುದು ಇತರ ಕಾರಣಗಳು.

ಎರಡನೆಯದು, ಗರ್ಭನಾಳ ಮುಚ್ಚಿಹೋಗುವುದು. ಚಿಕಿತ್ಸೆಯಿಲ್ಲದೆ ಉಳಿದ ಸೋಂಕು, ಅಸುರಕ್ಷಿತ ಗರ್ಭಪಾತದ ನಂತರದ ಸೋಂಕು, ಹೊಟ್ಟೆಯೊಳಗಿನ ಹಳೆಯ ಶಸ್ತ್ರಚಿಕಿತ್ಸೆಯ ಅಂಟುಗಳು ಇದಕ್ಕೆ ಕಾರಣ. ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು ಕಾರಣ ಕ್ಷಯರೋಗ. ಕ್ಷಯ ಎಂದರೆ ಕೆಮ್ಮು ಎಂದಷ್ಟೇ ತಿಳಿದಿದ್ದೇವೆ. ಕೆಮ್ಮೇ ಇಲ್ಲದೆ, ಜ್ವರವೂ ಕಾಣದೆ, ಕ್ಷಯ ಗರ್ಭನಾಳ ಮತ್ತು ಗರ್ಭಕೋಶದ ಒಳಪದರವನ್ನು ಕೆಡಿಸಬಲ್ಲದು. ಅನೇಕರಿಗೆ ಮಕ್ಕಳಾಗಲಿಲ್ಲವೆಂದು ಪರೀಕ್ಷಿಸಿದಾಗಲೇ ಇದು ತಿಳಿಯುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದರ ಔಷಧಿ ಉಚಿತ. ಬೇಗ ಪತ್ತೆಯಾದಷ್ಟೂ ಹಾನಿ ಕಡಿಮೆ. ತಡವಾದರೆ ರೋಗ ವಾಸಿಯಾದರೂ ನಾಳ ಮುಚ್ಚಿಯೇ ಉಳಿಯಬಹುದು.

ಮೂರನೆಯದು, ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥ ಅಂಗಾಂಶ ಅಂಡಾಶಯದ ಮೇಲೆ, ಕಿಬ್ಬೊಟ್ಟೆಯಲ್ಲಿ ಬೆಳೆಯುವ ರೋಗವಿದು. ಮುಟ್ಟಿನ ದಿನಗಳಲ್ಲಿ ಸಹಿಸಲಾಗದ ನೋವು ಇದರ ಮುಖ್ಯ ಗುರುತು. "ಹೆಣ್ಣಾದ ಮೇಲೆ ನೋವು ಇದ್ದದ್ದೇ" ಎಂದು ನಾವು ಹೆಣ್ಣುಮಕ್ಕಳಿಗೆ ಹೇಳುತ್ತೇವೆ. ಆ ಮಾತಿನಿಂದಲೇ ಅನೇಕರಲ್ಲಿ ರೋಗ ವರ್ಷಗಟ್ಟಲೆ ಪತ್ತೆಯಾಗುವುದಿಲ್ಲ. ಶಾಲೆಗೆ ಹೋಗಲಾರದಷ್ಟು ನೋವು ಪಡುವ ಮಗಳನ್ನು ವೈದ್ಯರಿಗೆ ತೋರಿಸುವುದು ತಾಯಿಯ ಕರ್ತವ್ಯ.

ನಾಲ್ಕನೆಯದು, ಗರ್ಭಕೋಶದ ತೊಂದರೆಗಳು. ಒಳಗೆ ಚಾಚಿಕೊಂಡ ಫೈಬ್ರಾಯ್ಡ್ ಗಡ್ಡೆ, ಪಾಲಿಪ್, ಹುಟ್ಟಿನಿಂದ ಬಂದ ನಡುಗೋಡೆ, ಸೋಂಕಿನಿಂದ ಅಥವಾ ಗರ್ಭಕೋಶ ಶುಚಿಮಾಡಿದ ನಂತರ ಒಳಪದರ ಅಂಟಿಕೊಳ್ಳುವುದು ಇವುಗಳಲ್ಲಿ ಸೇರಿವೆ. ಎಲ್ಲ ಗಡ್ಡೆಗಳೂ ಗರ್ಭಕ್ಕೆ ಅಡ್ಡಿಯಲ್ಲ; ಅದು ಇರುವ ಜಾಗ ಮುಖ್ಯ.

ಐದನೆಯದು, ವಯಸ್ಸು. ಅಂಡಗಳ ಸಂಖ್ಯೆಯೂ ಗುಣವೂ ವಯಸ್ಸಿನೊಂದಿಗೆ ಇಳಿಯುತ್ತವೆ. 35ರ ನಂತರ ಈ ಇಳಿತ ವೇಗವಾಗುತ್ತದೆ. ಓದು, ಉದ್ಯೋಗ, ಮನೆಸಾಲ ಎಂದು ಮುಂದೂಡುವ ಯುವ ದಂಪತಿಗಳು ಇದನ್ನು ತಿಳಿದು ನಿರ್ಧರಿಸಲಿ. ಕೆಲವು ದಂಪತಿಗಳಲ್ಲಿ ಎಲ್ಲ ಪರೀಕ್ಷೆ ಮಾಡಿದರೂ ಯಾವ ಕಾರಣವೂ ಕಾಣುವುದಿಲ್ಲ ಎಂಬುದನ್ನೂ ಹೇಳಬೇಕು.

ಗಂಡನ ಪರೀಕ್ಷೆ ಮೊದಲ ದಿನವೇ

ಸಂತಾನವಿಲ್ಲದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಡೆಯ ಕಾರಣ, ಒಂದೇ ಕಾರಣವಾಗಿಯೋ ಪತ್ನಿಯ ತೊಂದರೆಯ ಜೊತೆಗೋ, ಇದ್ದೇ ಇರುತ್ತದೆ. ವೀರ್ಯಾಣುಗಳ ಸಂಖ್ಯೆ ಅಥವಾ ಚಲನೆ ಕಡಿಮೆಯಾಗಿರಬಹುದು, ವೃಷಣದ ರಕ್ತನಾಳ ಉಬ್ಬಿರಬಹುದು, ದೊಡ್ಡವರಾದ ಮೇಲೆ ಬಂದ ಮಂಗನಬಾವು ವೃಷಣಕ್ಕೆ ಇಳಿದಿರಬಹುದು. ಬೀಡಿ, ಸಿಗರೇಟು, ಮದ್ಯ, ಜಿಮ್‌ಗಳಲ್ಲಿ ದೇಹ ಬೆಳೆಸಲು ಕೊಡುವ ಸ್ಟೆರಾಯ್ಡ್‌ಗಳು ಹಾನಿ ಮಾಡುತ್ತವೆ.

ಇಷ್ಟಾದರೂ ಪತ್ನಿಗೆ ಹತ್ತು ಪರೀಕ್ಷೆ, ಸ್ಕ್ಯಾನು, ಚುಚ್ಚುಮದ್ದು ಆದಮೇಲೆ, ಕೊನೆಗೆ "ಬೇಕಿದ್ದರೆ" ಗಂಡನ ಪರೀಕ್ಷೆ ಎನ್ನುವ ಮನೆಗಳಿವೆ. ಇದು ನ್ಯಾಯವೂ ಅಲ್ಲ, ಬುದ್ಧಿವಂತಿಕೆಯೂ ಅಲ್ಲ. ವೀರ್ಯ ಪರೀಕ್ಷೆ ಸುಲಭ, ನೋವಿಲ್ಲದ್ದು, ಕಡಿಮೆ ಖರ್ಚಿನದು. ಎರಡರಿಂದ ಏಳು ದಿನ ಸಹವಾಸವಿಲ್ಲದೆ ಇದ್ದು ಮಾದರಿ ಕೊಡಬೇಕು. ಮಾದರಿ ಸಂಗ್ರಹಿಸುವ ರೀತಿಯ ಬಗ್ಗೆ ಮನಸ್ಸಾಕ್ಷಿಯ ಪ್ರಶ್ನೆ ಇರುವವರು ವೈದ್ಯರಿಗೆ ಸಂಕೋಚವಿಲ್ಲದೆ ಹೇಳಲಿ. ದಾಂಪತ್ಯ ಸಹವಾಸದಲ್ಲೇ ವಿಶೇಷ ಪೊರೆಯಿಂದ ಸಂಗ್ರಹಿಸುವ ವಿಧಾನವೂ ಇದೆ. ಗಂಡ ಮೊದಲ ದಿನವೇ ಹೆಂಡತಿಯ ಜೊತೆ ಆಸ್ಪತ್ರೆಯ ಬೆಂಚಿನಲ್ಲಿ ಕುಳಿತರೆ ಅರ್ಧ ಭಾರ ಇಳಿದಂತೆಯೇ.

ಪರೀಕ್ಷೆ ಮತ್ತು ಚಿಕಿತ್ಸೆ

ಮೈಸೂರಿನಲ್ಲಿ ಮಹಿಳೆಯರಿಗೆ ಮತ್ತು ಮಕ್ಕಳಿಗೆಂದೇ ಇರುವ ಸರ್ಕಾರಿ ಚೆಲುವಾಂಬ ಆಸ್ಪತ್ರೆಯಿದೆ. ಅದು ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ್ದು. ಮೊದಲ ಸಲಹೆಗೆ ದೊಡ್ಡ ಹಣ ಹೊಂದಿಸಿಕೊಂಡೇ ಹೋಗಬೇಕೆಂದಿಲ್ಲ. ಸ್ತ್ರೀರೋಗ ತಜ್ಞರು ಸಾಮಾನ್ಯವಾಗಿ ಥೈರಾಯ್ಡ್, ಪ್ರೊಲ್ಯಾಕ್ಟಿನ್, ಸಕ್ಕರೆ ಮುಂತಾದ ರಕ್ತಪರೀಕ್ಷೆ, ಮುಂದಿನ ಮುಟ್ಟಿಗೆ ಏಳು ದಿನ ಮುಂಚೆ ಅಂಡ ಬಿಡುಗಡೆಯಾಗಿದೆಯೇ ಎಂದು ತಿಳಿಯುವ ಪ್ರೊಜೆಸ್ಟರಾನ್ ಪರೀಕ್ಷೆ, ಅಲ್ಟ್ರಾಸೌಂಡ್, ನಾಳ ತೆರೆದಿದೆಯೇ ಎಂದು ನೋಡುವ ಬಣ್ಣದ ಎಕ್ಸ್‌ರೇ ಇವುಗಳನ್ನು ಹೇಳುತ್ತಾರೆ. ಅಗತ್ಯವಿದ್ದರೆ ಮಾತ್ರ ಲ್ಯಾಪರೊಸ್ಕೋಪಿ.

ಚಿಕಿತ್ಸೆ ಕಾರಣವನ್ನು ಅವಲಂಬಿಸಿದೆ. ಪಿಸಿಓಎಸ್ ಇದ್ದು ತೂಕ ಹೆಚ್ಚಿರುವವರು ತೂಕದಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಇಳಿಸಿದರೂ ಅನೇಕರಲ್ಲಿ ಅಂಡ ಬಿಡುಗಡೆ ಮತ್ತೆ ಆರಂಭವಾಗುತ್ತದೆ. 70 ಕಿಲೋ ಇರುವವರಿಗೆ ಅದು ಮೂರೂವರೆಯಿಂದ ಏಳು ಕಿಲೋ. ಜೊತೆಗೆ ಲೆಟ್ರೊಜೋಲ್ ಅಥವಾ ಕ್ಲೋಮಿಫೀನ್ ಮಾತ್ರೆಗಳನ್ನು ವೈದ್ಯರು ಕೊಡುತ್ತಾರೆ. ಇವನ್ನು ಔಷಧಿ ಅಂಗಡಿಯಿಂದ ಸ್ವಂತವಾಗಿ ತಂದು ನುಂಗಬಾರದು. ಚುಚ್ಚುಮದ್ದುಗಳಿಂದ ಅವಳಿ ತ್ರಿವಳಿ ಗರ್ಭ, ಅಂಡಾಶಯ ಊದಿಕೊಂಡು ಪ್ರಾಣಾಪಾಯವಾಗುವ ಸಂಭವವೂ ಇದೆ. ಥೈರಾಯ್ಡ್‌ಗೆ, ಪ್ರೊಲ್ಯಾಕ್ಟಿನ್‌ಗೆ ಮಾತ್ರೆಗಳಿವೆ. ಪಾಲಿಪ್, ನಡುಗೋಡೆ, ಅಂಟುಗಳನ್ನು ದೂರದರ್ಶಕದ ಮೂಲಕ ಸರಿಪಡಿಸಬಹುದು. ಗರ್ಭ ಬಯಸುವ ಪ್ರತಿ ಮಹಿಳೆಯೂ ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಆರಂಭಿಸುವುದು ಒಳ್ಳೆಯದು. ಮಗುವಿನ ಬೆನ್ನುಹುರಿಯ ದೋಷವನ್ನು ಅದು ಬಹುಮಟ್ಟಿಗೆ ತಡೆಯುತ್ತದೆ.

ಆಸ್ಟ್ರೇಲಿಯದ ವೈದ್ಯ ದಂಪತಿಗಳಾದ ಜಾನ್ ಮತ್ತು ಎವಲಿನ್ ಬಿಲ್ಲಿಂಗ್ಸ್ ರೂಪಿಸಿದ ನೈಸರ್ಗಿಕ ವಿಧಾನವನ್ನು ಮದುವೆ ಸಿದ್ಧತಾ ಶಿಬಿರಗಳಲ್ಲಿ ಕೆಲವರು ಕೇಳಿರಬಹುದು. ಯೋನಿಸ್ರಾವ ನೀರಾಗಿ, ಜಾರುವಂತೆ, ಎಳೆಯಾಗಿ ಬರುವ ದಿನಗಳೇ ಗರ್ಭಧಾರಣೆಗೆ ತಕ್ಕ ದಿನಗಳು. ಗರ್ಭ ಮುಂದೂಡಲು ಮಾತ್ರವಲ್ಲ, ಗರ್ಭ ಬಯಸುವವರಿಗೂ ಈ ಅರಿವು ಉಪಯುಕ್ತ. ಖರ್ಚಿಲ್ಲ, ದೋಷವಿಲ್ಲ.

ಐವಿಎಫ್ ಕುರಿತು ಧರ್ಮಸಭೆಯ ಬೋಧನೆ

1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಾಗಿನಿಂದ, ದೇಹದ ಹೊರಗೆ ಅಂಡ ಮತ್ತು ವೀರ್ಯವನ್ನು ಕೂಡಿಸುವ ಐವಿಎಫ್ ವಿಧಾನ ಜಗತ್ತಿನಲ್ಲೆಲ್ಲ ಹರಡಿದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೊಲ್ಕತ್ತದಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಭಾರತದ ಮೊದಲ ಮಗು ಹುಟ್ಟಿತು. ಇಂದು ನಮ್ಮ ನಗರದಲ್ಲೂ ಇದರ ಜಾಹೀರಾತು ಫಲಕಗಳಿವೆ.

ಧರ್ಮಸಭೆ ಇದನ್ನು ಒಪ್ಪುವುದಿಲ್ಲವೆಂದು ಎಲ್ಲರೂ ಕೇಳಿದ್ದಾರೆ. ಏಕೆಂದು ತಿಳಿದವರು ಕಡಿಮೆ. 1987ರ 'ದೋನುಂ ವೀತೆ' ಮತ್ತು 2008ರ 'ದಿಗ್ನಿತಾಸ್ ಪೆರ್ಸೋನೆ' ಎಂಬ ದಾಖಲೆಗಳಲ್ಲಿ ಅದರ ಕಾರಣಗಳಿವೆ. ಮಗು ಗಂಡಹೆಂಡತಿಯರ ಪ್ರೀತಿಯ ಮಿಲನದ ಫಲವಾಗಿ, ವರವಾಗಿ ಬರಬೇಕು. ಪ್ರಯೋಗಶಾಲೆಯ ಉತ್ಪನ್ನವಾಗಬಾರದು ಎಂಬುದು ಒಂದು. ಈ ವಿಧಾನದಲ್ಲಿ ಹಲವು ಭ್ರೂಣಗಳನ್ನು ರೂಪಿಸಿ, ಕೆಲವನ್ನು ಆರಿಸಿ, ಉಳಿದವನ್ನು ಶೀತಲೀಕರಿಸುವುದು ಅಥವಾ ಎಸೆಯುವುದು ನಡೆಯುತ್ತದೆ. ಅವೂ ಮಾನವ ಜೀವಗಳೇ ಎಂಬುದು ಇನ್ನೊಂದು. ಮೂರನೆಯವರ ಅಂಡ ಅಥವಾ ವೀರ್ಯ ಪಡೆಯುವುದು, ಬಾಡಿಗೆ ತಾಯ್ತನ ಇವು ವಿವಾಹದ ಐಕ್ಯವನ್ನೇ ಮುರಿಯುತ್ತವೆ. ಆದರೆ ದಾಂಪತ್ಯ ಸಹವಾಸದ ಸ್ಥಾನವನ್ನು ಕಸಿಯದೆ ಅದಕ್ಕೆ ನೆರವಾಗುವ ಚಿಕಿತ್ಸೆಯನ್ನು ಧರ್ಮಸಭೆ ಸಂತೋಷದಿಂದ ಒಪ್ಪುತ್ತದೆ. ನಾವು ಮೇಲೆ ಹೇಳಿದ ಮಾತ್ರೆ, ಶಸ್ತ್ರಚಿಕಿತ್ಸೆ, ನೈಸರ್ಗಿಕ ವಿಧಾನ ಎಲ್ಲವೂ ಇದರಲ್ಲಿ ಸೇರುತ್ತವೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಯಾವ ವಿಧಾನದಿಂದ ಹುಟ್ಟಿದ ಮಗುವೂ ದೇವರ ಪ್ರತಿರೂಪವೇ. ಅದರ ಘನತೆ ಕೂದಲೆಳೆಯಷ್ಟೂ ಕಡಿಮೆಯಿಲ್ಲ. ಜ್ಞಾನಸ್ನಾನದ ತೊಟ್ಟಿ ಅದಕ್ಕೂ ತೆರೆದಿದೆ. ನೋವಿನಲ್ಲಿ ಆ ದಾರಿ ಹಿಡಿದ ದಂಪತಿಗಳನ್ನು ಬೆರಳು ಮಾಡಿ ತೋರಿಸುವುದು ನಮ್ಮ ಕೆಲಸವಲ್ಲ. ಗೊಂದಲದಲ್ಲಿರುವವರು ನಿರ್ಧರಿಸುವ ಮುನ್ನ ಧರ್ಮಕೇಂದ್ರದ ಗುರುಗಳೊಡನೆ ಮನಬಿಚ್ಚಿ ಮಾತಾಡಲಿ.

ನಾಡಿನ ಕಾನೂನೂ ಕೆಲವು ರಕ್ಷಣೆ ನೀಡಿದೆ. 2021ರ ಕಾಯ್ದೆಗಳ ಪ್ರಕಾರ ಇಂಥ ಕೇಂದ್ರಗಳು ನೋಂದಣಿಯಾಗಿರಲೇಬೇಕು. ಹಣಕ್ಕಾಗಿ ಬಾಡಿಗೆ ತಾಯ್ತನ ಅಪರಾಧ. 1994ರ ಕಾಯ್ದೆಯಂತೆ ಗಂಡೋ ಹೆಣ್ಣೋ ಎಂದು ಆರಿಸುವುದು ಅಪರಾಧ. ನೂರಕ್ಕೆ ನೂರು ಫಲ ಎಂದು ಭರವಸೆ ನೀಡುವವರನ್ನು, ಅವರು ವೈದ್ಯರಾಗಲಿ ನಾಟಿ ಔಷಧಿಯವರಾಗಲಿ ಪ್ರಾರ್ಥನೆಯ ಹೆಸರಿನಲ್ಲಿ ಹಣ ಕೇಳುವವರಾಗಲಿ, ನಂಬಬೇಡಿ. ಒಡವೆ ಅಡವಿಟ್ಟು, ಸಾಲ ಮಾಡಿ, ಕೊನೆಗೆ ಸಂಸಾರವೇ ಒಡೆದ ಕಥೆಗಳು ನಮ್ಮ ನಡುವೆ ಕಡಿಮೆಯಿಲ್ಲ.

ದತ್ತು: ಅರಮನೆಯೂ ತುಳಿದ ದಾರಿ

ಮೈಸೂರು ಅರಮನೆಯ ಇತಿಹಾಸದಲ್ಲಿ ದತ್ತು ಸ್ವೀಕಾರ ಹೊಸದಲ್ಲ. 1865ರಲ್ಲಿ ದತ್ತು ಪಡೆದ ಬಾಲಕನೇ ಮುಂದೆ 1881ರಲ್ಲಿ ಅಧಿಕಾರ ಪಡೆದ ಹತ್ತನೆಯ ಚಾಮರಾಜೇಂದ್ರ ಒಡೆಯರು. ನಾಲ್ವಡಿ ಕೃಷ್ಣರಾಜ ಒಡೆಯರ ನಂತರ 1940ರಲ್ಲಿ ಪಟ್ಟಕ್ಕೆ ಬಂದವರು ಅವರ ತಮ್ಮನ ಮಗ. 2015ರಲ್ಲಿ ಪ್ರಮೋದಾದೇವಿಯವರು ಯದುವೀರರನ್ನು ದತ್ತು ಪಡೆದರು. 2017ರ ಡಿಸೆಂಬರ್‌ನಲ್ಲಿ ಆ ಮನೆಯಲ್ಲಿ ತೊಟ್ಟಿಲು ತೂಗಿತು.

ಕ್ರೈಸ್ತರಾದ ನಮಗೆ ಮಾತ್ರ ಬಹುಕಾಲ ಒಂದು ಅಡ್ಡಿಯಿತ್ತು. 1956ರ ಹಿಂದೂ ದತ್ತಕ ಕಾಯ್ದೆ ನಮಗೆ ಅನ್ವಯಿಸುವುದಿಲ್ಲ. 1890ರ ಕಾಯ್ದೆಯಡಿ ನಾವು ಮಗುವಿನ ಪೋಷಕರಾಗಬಹುದಿತ್ತೇ ಹೊರತು ಕಾನೂನಿನ ಕಣ್ಣಿನಲ್ಲಿ ತಂದೆತಾಯಿಗಳಲ್ಲ. ಬಾಲನ್ಯಾಯ ಕಾಯ್ದೆ ಬಂದ ಮೇಲೆ ಈ ಬಾಗಿಲು ತೆರೆಯಿತು. ಈಗ 2015ರ ಕಾಯ್ದೆಯಡಿ ಯಾವ ಧರ್ಮದವರೂ ಪೂರ್ಣ ದತ್ತು ಪಡೆಯಬಹುದು; ಮಗುವಿಗೆ ಹೆತ್ತ ಮಗುವಿನ ಎಲ್ಲ ಹಕ್ಕುಗಳಿವೆ. ಹಳೆಯ ಮಾತನ್ನೇ ಕೇಳಿ ಹಿಂದೆ ಸರಿದವರು ಇದನ್ನು ತಿಳಿಯಬೇಕು.

ಕೇಂದ್ರ ದತ್ತು ಪ್ರಾಧಿಕಾರವಾದ 'ಕಾರಾ'ದ ಜಾಲತಾಣದಲ್ಲಿ ನೋಂದಾಯಿಸಬೇಕು. ದಂಪತಿಗಳು ಕನಿಷ್ಠ ಎರಡು ವರ್ಷ ಸ್ಥಿರ ದಾಂಪತ್ಯ ನಡೆಸಿರಬೇಕು, ಇಬ್ಬರ ಒಪ್ಪಿಗೆಯೂ ಬೇಕು. ಎರಡು ವರ್ಷದೊಳಗಿನ ಮಗು ಬೇಕಾದರೆ ಇಬ್ಬರ ವಯಸ್ಸು ಕೂಡಿ 85 ಮೀರಬಾರದು. ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಬರೆಯುತ್ತಾರೆ. ಕೊನೆಯ ಆದೇಶವನ್ನು ಜಿಲ್ಲಾ ದಂಡಾಧಿಕಾರಿ ನೀಡುತ್ತಾರೆ. ಚಿಕ್ಕ ಮಗುವಿಗೆ ವರ್ಷಗಳ ಕಾಲ ಕಾಯಬೇಕಾಗಬಹುದು. ಆದರೆ ಆಸ್ಪತ್ರೆಯಿಂದಲೋ ಮಧ್ಯವರ್ತಿಯಿಂದಲೋ ಮಗು ಪಡೆಯುವುದು ಅಪರಾಧ. ಸಂತ ಜೋಸೆಫರು ತಾವು ಹೆತ್ತಿರದ ಮಗನಿಗೆ ತಂದೆಯಾಗಿ ಹೆಸರಿಟ್ಟರು, ಕಾಪಾಡಿದರು, ಕಸುಬು ಕಲಿಸಿದರು. ದತ್ತುಮಗು ಎರಡನೆಯ ದರ್ಜೆಯ ಮಗು ಎನ್ನುವವರು ನಜರೇತಿನ ಆ ಮನೆಯನ್ನು ನೆನೆಯಲಿ.

ನಾವು ಮಾಡಬೇಕಾದದ್ದು

ಪ್ರಿಯರೇ, ಮಕ್ಕಳಿಲ್ಲದ ವಿವಾಹ ಅರ್ಧ ವಿವಾಹವಲ್ಲ. ಸಂತಾನಹೀನತೆ ವಿವಾಹವನ್ನು ತಡೆಯುವುದೂ ಇಲ್ಲ, ಅಸಿಂಧುಗೊಳಿಸುವುದೂ ಇಲ್ಲ ಎಂದು ಧರ್ಮಸಭೆಯ ಕಾನೂನಿನ 1084ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. "ಇನ್ನೊಂದು ಮದುವೆ ಮಾಡೋಣ" ಎಂದು ಮಗನ ಕಿವಿಯಲ್ಲಿ ಊದುವ ಹಿರಿಯರಿಗೆ ಇದೇ ಉತ್ತರ.

ಅತ್ತೆಯಂದಿರೇ, ಸೊಸೆಯ ಜೊತೆ ದೋರನಹಳ್ಳಿಗೆ, ವೇಳಾಂಗಣಿಗೆ ಹೋಗಿ ಹರಕೆ ಹೊರಿರಿ. ಅದರ ಜೊತೆಗೆ ಮಗನನ್ನೂ ಪರೀಕ್ಷೆಗೆ ಕಳುಹಿಸಿರಿ. ಪ್ರಾರ್ಥನೆ ಮತ್ತು ಔಷಧಿ ಒಂದಕ್ಕೊಂದು ವೈರಿಗಳಲ್ಲ. ನೆರೆಯವರೇ, 'ವಿಶೇಷ' ಕೇಳುವುದನ್ನು ನಿಲ್ಲಿಸೋಣ. ಸೀಮಂತಕ್ಕೂ ನಾಮಕರಣಕ್ಕೂ ಈ ದಂಪತಿಗಳನ್ನು ಮೊದಲು ಕರೆಯೋಣ. ಬರುವುದು ಬಿಡುವುದು ಅವರ ಮನಸ್ಸಿಗೆ ಬಿಟ್ಟದ್ದು. ಗುರುಗಳು ತಾಯಂದಿರ ದಿನ ಎಲ್ಲ ತಾಯಂದಿರನ್ನು ಎಬ್ಬಿಸಿ ನಿಲ್ಲಿಸಿ ಆಶೀರ್ವದಿಸುವಾಗ, ಕುಳಿತೇ ಉಳಿದವರ ಮುಖವನ್ನೂ ಒಮ್ಮೆ ನೋಡಲಿ.

ಕೆಲವರ ಮಡಿಲು ಅನ್ನಮ್ಮನವರಂತೆ ತಡವಾಗಿಯಾದರೂ ತುಂಬುತ್ತದೆ. ಕೆಲವರದು ಎಲ್ಲ ಪ್ರಯತ್ನದ ನಂತರವೂ ತುಂಬುವುದಿಲ್ಲ. ಅವರಿಗೂ ದೇವರು ಕರೆ ನೀಡಿದ್ದಾರೆ. ಅವರ ಪ್ರೀತಿಯೂ ಬೇರೆ ದಾರಿಗಳಲ್ಲಿ ಜೀವ ಕೊಡುತ್ತದೆ. ಕಾಣಿಕೆ ಹಿಡಿದು ಬಂದ ಜೋವಾಕಿಮರನ್ನು ಬಾಗಿಲಲ್ಲೇ ತಡೆದ ದೇವಾಲಯ ನಮ್ಮ ಧರ್ಮಕೇಂದ್ರವಾಗದಿರಲಿ. ಸಂತ ಜೋವಾಕಿಮ್, ಸಂತ ಅನ್ನಮ್ಮನವರೇ, ಮಗುವಿಗಾಗಿ ಹಂಬಲಿಸುವ ನಮ್ಮ ಎಲ್ಲ ದಂಪತಿಗಳಿಗಾಗಿ ಪ್ರಾರ್ಥಿಸಿರಿ. ಆಮೆನ್.